ಹೆಚ್ಚುವ ಹಲಗೆ, ಮಣೆ, ಸ್ಟೂಲು: ಮಳೆಯ ಸೀಮೆಯಲ್ಲಿ ಹವ್ಯಾಸಿ ಮರಗೆಲಸದ ಸಮಗ್ರ ಮಾರ್ಗದರ್ಶಿ

ಕಾಸರಗೋಡು ಸೀಮೆಯ ಹಳೆಯ ಅಡುಗೆಮನೆಗಳಲ್ಲಿ ತರಕಾರಿ ಹೆಚ್ಚುವ ಹಲಗೆ ಎಂಬ ಪ್ರತ್ಯೇಕ ವಸ್ತು ಇರಲಿಲ್ಲ. ನೆಲದ ಮೇಲೆ ಕುಳಿತು, ಮೆಟ್ಟುಕತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಎರಡೂ ಕೈಗಳಿಂದ ತರಕಾರಿಯನ್ನು ಅಲಗಿನತ್ತ ನೂಕಿದರೆ ಕೆಲಸ ಮುಗಿಯುತ್ತಿತ್ತು. ನಿಂತು ಅಡುಗೆ ಮಾಡುವ ಕಟ್ಟೆ ಬಂದ ಮೇಲೆ ಚೂರಿ ಬಂತು, ಚೂರಿಯ ಬೆನ್ನಿಗೇ ಪ್ಲಾಸ್ಟಿಕ್ ಹಲಗೆಯೂ ಬಂತು. ಹಿತ್ತಿಲಿನಲ್ಲಿ ಗಾಳಿಗೆ ಬಿದ್ದ ಹಲಸಿನ ಮರ ಒಲೆಗೆ ಹೋಗುತ್ತಿರುವಾಗ ಪೇಟೆಯಿಂದ ಪ್ಲಾಸ್ಟಿಕ್ ಹಲಗೆ ತರುವುದು ನನಗೆ ಸರಿ ಕಾಣಲಿಲ್ಲ. ಬದಿಯಡ್ಕದ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ ಸುಮಾರು 12 ವರ್ಷಗಳ ಹಿಂದೆ ನಾನು ಮರಗೆಲಸಕ್ಕೆ ಕೈಹಚ್ಚಿದ್ದು ಹೀಗೆ.

ಕೊಯ್ಯುವುದು, ಕೀಸುವುದು, ಅಂಟಿಸುವುದು ಇವೆಲ್ಲ ಮಾಡುತ್ತ ಮಾಡುತ್ತ ಕೈಗೆ ಬರುವ ಕೆಲಸಗಳು. ನಿಜವಾದ ತೊಡಕು ಇರುವುದು ನಮ್ಮ ಹವೆಯಲ್ಲಿ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಬೀಳುವ ಸೀಮೆಯಿದು. ಮಳೆಗಾಲದ ಆಟಿ ತಿಂಗಳಲ್ಲಿ ಹಿಡಿದುಕೊಂಡು ಭುಜ ಕೊಟ್ಟು ನೂಕಬೇಕಾದ ಬಾಗಿಲು ಬೇಸಗೆಯ ಕುಂಭ ಮಾಸದಲ್ಲಿ ತಾನಾಗಿಯೇ ಸಡಿಲಗೊಳ್ಳುವುದನ್ನು ಇಲ್ಲಿ ಕಾಣದವರಿಲ್ಲ. ಆ ಬಾಗಿಲಿಗೆ ಆಗುವುದೇ ನೀವು ಮಾಡುವ ಹಲಗೆಗೂ ಸ್ಟೂಲಿಗೂ ಆಗುತ್ತದೆ. ಮರ ತೇವ ಹೀರಿ ಅಗಲವಾಗುವುದನ್ನು, ತೇವ ಬಿಟ್ಟು ಕುಗ್ಗುವುದನ್ನು ನಾವು ತಡೆಯಲಾರೆವು. ಅದಕ್ಕೆ ಎಡೆ ಬಿಟ್ಟು ಕೆಲಸ ಮಾಡಬಹುದಷ್ಟೆ. ಈ ಬರಹದಲ್ಲಿ ಹೇಳುವ ಹೆಚ್ಚಿನ ಕ್ರಮಗಳಿಗೆ ಕಾರಣ ಇದೊಂದೇ.

ಯಾವ ಮರ ಆಗುತ್ತದೆ, ಯಾವುದು ಆಗುವುದಿಲ್ಲ

ಹೊಸಬರಿಗೆ ನನ್ನ ಮೊದಲ ಸಲಹೆ ಹಲಸು. 2018ರಲ್ಲಿ ಕೇರಳವು ಹಲಸಿನ ಹಣ್ಣನ್ನು ರಾಜ್ಯದ ಹಣ್ಣೆಂದು ಘೋಷಿಸಿದಾಗ ಎಲ್ಲರೂ ಸೊಳೆಯ ಬಗ್ಗೆ ಮಾತನಾಡಿದರು, ಮರದ ಬಗ್ಗೆ ಮಾತನಾಡಿದವರು ಕಡಿಮೆ. ನಮ್ಮ ಯಕ್ಷಗಾನದ ಚೆಂಡೆ ಮದ್ದಳೆಗಳ ಗೂಡು ಹಲಸಿನದು, ಹಳೆಯ ಮನೆಗಳ ದಾರಂದ ಬಾಗಿಲುಗಳೂ ಅನೇಕ ಕಡೆ ಹಲಸಿನವೇ. ಅದರ ಕೆಚ್ಚು, ಅಂದರೆ ಒಳಗಿನ ಬಲಿತ ಗಟ್ಟಿ ಭಾಗ, ಕೊಯ್ದ ದಿನ ಅರಸಿನದ ಬಣ್ಣದಲ್ಲಿದ್ದು, ಬೆಳಕು ತಾಗುತ್ತ ವರ್ಷದೊಳಗೆ ಜೇನಿನ ಬಣ್ಣಕ್ಕೂ ಮುಂದೆ ಕಂದಿಗೂ ತಿರುಗುತ್ತದೆ. ಉಳಿಗೆ ಹೆಚ್ಚು ಹಟ ಮಾಡುವುದಿಲ್ಲ, ಒಣಗುವಾಗ ವಿಪರೀತ ತಿರುಚಿಕೊಳ್ಳುವುದೂ ಇಲ್ಲ. ಬೌದ್ಧ ಭಿಕ್ಷುಗಳ ಕಾವಿಗೆ ಬಣ್ಣ ಕಟ್ಟಲು ಬಳಸುತ್ತಿದ್ದುದು ಈ ಕೆಚ್ಚಿನ ಚಕ್ಕೆಗಳನ್ನೇ ಆದ್ದರಿಂದ, ಹೊಸ ಹಲಗೆಯನ್ನು ಮೊದಲ ಕೆಲವು ಸಲ ತೊಳೆದಾಗ ನೀರು ಹಳದಿಯಾದರೆ ಗಾಬರಿಯಾಗಬೇಡಿ. ಬಿಳಿ ಒರೆಸುಬಟ್ಟೆಯನ್ನು ಮಾತ್ರ ಅದರಿಂದ ದೂರ ಇಡಿ.

ಹುಣಸೆ ಗಟ್ಟಿಯಾದ ಮರ. ಮಾಂಸದಂಗಡಿಯ ಕೊರಡು ಹುಣಸೆಯದೇ ಆಗಿರುವುದಕ್ಕೆ ಕಾರಣ ಅದರ ಬಿಗಿಯಾದ ಎಳೆ. ಆದರೆ ಕೈಗರಗಸ ಹಿಡಿದ ಹೊಸಬರ ತೋಳನ್ನು ಅದು ಅರ್ಧ ಗಂಟೆಯಲ್ಲಿ ಸೋಲಿಸುತ್ತದೆ. ತೇಗದಲ್ಲಿ ಸ್ವಾಭಾವಿಕ ಎಣ್ಣೆಯ ಅಂಶವಿದ್ದು ನೀರಿಗೆ ಜಗ್ಗುವುದಿಲ್ಲ, ಆದರೆ ಅದರಲ್ಲಿರುವ ಸಿಲಿಕಾ ಉಳಿಯ ಮೊನೆಯನ್ನು ಬೇಗ ಮೊಂಡಾಗಿಸುತ್ತದೆ. ಹೆಬ್ಬಲಸು ಮತ್ತು ಮಹಾಗನಿ ಪೀಠೋಪಕರಣಕ್ಕೆ ಒಳ್ಳೆಯವು. ಮಾವು ಅಗ್ಗದ ಮರವಾದರೂ ಬೇಗ ಕುಟ್ಟೆ ಹಿಡಿಯುವುದರಿಂದ ಅದನ್ನು ಕೈ ಪಳಗಿಸಲು ಮಾತ್ರ ಬಳಸಿ. ನಮ್ಮ ಗುಡ್ಡಗಳ ತುಂಬ ಇರುವ ರಬ್ಬರ್ ಮರದಲ್ಲಿ ಪಿಷ್ಟ ಹೆಚ್ಚಾಗಿರುವುದರಿಂದ, ಕಡಿದ ಕೆಲವೇ ದಿನಗಳಲ್ಲಿ ನೀಲಿ ಬೂಸು ಮತ್ತು ಹುಳ ಎರಡೂ ಬರುತ್ತವೆ. ಕಾರ್ಖಾನೆಯಲ್ಲಿ ಬೋರಾನ್ ಲವಣಗಳಿಂದ ಸಂಸ್ಕರಿಸಿದ ರಬ್ಬರ್ ಮರ ಸ್ಟೂಲಿಗೆ, ಕಪಾಟಿಗೆ ಚೆನ್ನಾಗಿಯೇ ಆಗುತ್ತದೆ, ಆಹಾರ ತಾಗುವ ಹಲಗೆಗೆ ನಾನು ಅದನ್ನು ತೆಗೆದುಕೊಳ್ಳುವುದಿಲ್ಲ.

ದೂರವಿಡಬೇಕಾದವುಗಳ ವಿಷಯದಲ್ಲಿ ರಾಜಿ ಬೇಡ. ನಮ್ಮ ಊರಿಗೆ ಹೆಸರು ಕೊಟ್ಟದ್ದು ಕಾಸರಕ ಮರವೆಂದು ಹೇಳುವವರಿದ್ದಾರೆ. ಹೆಸರಿನ ಅಭಿಮಾನ ಎಷ್ಟೇ ಇರಲಿ, ಸ್ಟ್ರಿಕ್ನೀನ್ ಎಂಬ ವಿಷದ ಮೂಲವಾದ ಆ ಮರಕ್ಕೆ ಅಡುಗೆಮನೆಯಲ್ಲಿ ಜಾಗವಿಲ್ಲ. ಚೇರೆ ಮರದ ಸೊನೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಗೇರಿನ ಸೊನೆಯೂ ಅದೇ ಕುಲದ್ದು. ಹಳೆಯ ಬಣ್ಣ ಬಳಿದ ಕಿಟಕಿಯ ಚೌಕಟ್ಟು, ಪ್ಲೈವುಡ್, ಸಾಮಾನು ಬಂದ ಪೆಟ್ಟಿಗೆಯ ಹಲಗೆ ಇವುಗಳಿಗೆ ಹಿಂದೆ ಯಾರು ಏನು ಬಳಿದಿದ್ದಾರೆಂದು ಗೊತ್ತಾಗುವುದಿಲ್ಲವಾದ ಕಾರಣ ಇವನ್ನು ಆಹಾರದ ಕೆಲಸಕ್ಕೆ ಬಳಸಬಾರದು. ತೇಗ, ಬೀಟೆಯಂಥ ಮರ ನಿಮ್ಮದೇ ಹಿತ್ತಿಲಿನಲ್ಲಿದ್ದರೂ ಕಡಿಯುವ ಮೊದಲು ಅರಣ್ಯ ಇಲಾಖೆಯ ನಿಯಮವನ್ನು ವಿಚಾರಿಸಿಕೊಳ್ಳಿ.

ಮಿಲ್ಲಿನಲ್ಲಿ ದಿಮ್ಮಿಯನ್ನು ಸೀಳಿಸುವಾಗ ನೀವೇ ಎದುರು ನಿಲ್ಲಬೇಕು. ಒಂದು ಇಂಚಿನ ಹಲಗೆ ಬೇಕಿದ್ದರೆ ಒಂದೂಕಾಲು ಇಂಚು ದಪ್ಪಕ್ಕೆ ಸೀಳಿಸಿ, ಒಣಗುವಾಗ ಕುಗ್ಗುವುದಕ್ಕೂ ಕೀಸಿ ಮಟ್ಟ ಮಾಡುವುದಕ್ಕೂ ಆ ಕಾಲು ಇಂಚು ಹೋಗುತ್ತದೆ. ದಿಮ್ಮಿಯ ನಟ್ಟನಡುವಿನ ತಿರುಳು ಯಾವ ಹಲಗೆಯಲ್ಲಿಯೂ ಉಳಿಯಬಾರದು, ಅದಿದ್ದಲ್ಲಿ ಬಿರುಕು ಬಂದೇ ಬರುತ್ತದೆ. ಹೊರಗಿನ ಬಿಳಿ ಭಾಗವನ್ನೂ ಬಿಡಿಸಿ, ಹುಳಕ್ಕೆ ಅದೇ ಇಷ್ಟ.

ಒಣಗಿಸುವುದು: ಅವಸರ ಮಾಡಿದವರು ಕೆಡುವ ಜಾಗ

ನನ್ನ ಮೊದಲ ಹೆಚ್ಚುವ ಹಲಗೆ ಕೆಟ್ಟದ್ದು ಈ ಹಂತದಲ್ಲಿಯೇ. ಸೀಳಿಸಿ ಮೂರು ತಿಂಗಳಾಗಿದ್ದ ಹಲಸಿನ ಪಟ್ಟಿಗಳನ್ನು ಆಗಸ್ಟಿನಲ್ಲಿ ಅಂಟಿಸಿದ್ದೆ. ಕೈಗೆ ಒಣಗಿದ್ದಂತೆ ತೋರುತ್ತಿತ್ತು, ಕೀಸಿದಾಗ ಹೊಳೆಯುತ್ತಲೂ ಇತ್ತು. ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ನೋಡಿದರೆ ತುದಿಯಲ್ಲಿ ಎರಡು ಪಟ್ಟಿಗಳ ನಡುವೆ ಒಂದು ರೂಪಾಯಿಯ ನಾಣ್ಯ ತೂರುವಷ್ಟು ಬಿರುಕು, ಆ ಬಿರುಕಿನೊಳಗೆ ಹಿಂದಿನ ದಿನದ ಬೀಟ್ರೂಟಿನ ಕೆಂಪು. ಅಂಟಿನ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಹಸಿ ಮರದೊಳಗಿನ ನೀರು ಎರಡು ಬಗೆಯದು. ಕೋಶಗಳ ಪೊಳ್ಳಿನಲ್ಲಿರುವ ನೀರು ಮೊದಲು ಹೋಗುತ್ತದೆ, ಆಗ ತೂಕ ಇಳಿಯುತ್ತದೆಯೇ ಹೊರತು ಅಳತೆ ಬದಲಾಗುವುದಿಲ್ಲ. ತೇವಾಂಶ ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿದಾಗ ಕೋಶದ ಗೋಡೆಗಳಲ್ಲಿರುವ ನೀರು ಹೊರಡಲು ತೊಡಗುತ್ತದೆ, ಮರ ಕುಗ್ಗುವುದು ಅಲ್ಲಿಂದ ಮುಂದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಅಗಲಕ್ಕೆ ಮಾತ್ರ ಚೆನ್ನಾಗಿ ಕುಗ್ಗುತ್ತದೆ, ಅದರಲ್ಲಿಯೂ ವರ್ಷವಲಯಗಳ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ಕುಗ್ಗುವುದು ಕಡಿಮೆಯೆಂದು ಹೆಸರಾದ ತೇಗದಲ್ಲಿಯೂ ಹಸಿಯಿಂದ ಪೂರ್ತಿ ಒಣಗುವವರೆಗೆ ಮೊದಲನೆಯದು ಶೇಕಡಾ 5.8, ಎರಡನೆಯದು ಶೇಕಡಾ 2.5. ಹಲಗೆ ದೋಣಿಯಂತೆ ಬಾಗುವುದಕ್ಕೆ ಈ ವ್ಯತ್ಯಾಸವೇ ಮೂಲ.

ಒಣಗಿಸುವ ಕ್ರಮ ಹೀಗಿದೆ. ಸೀಳಿದ ದಿನವೇ ಹಲಗೆಗಳ ಎರಡೂ ತುದಿಗಳಿಗೆ ಹಳೆಯ ಬಣ್ಣವನ್ನೋ ಕರಗಿಸಿದ ಮೇಣವನ್ನೋ ದಪ್ಪವಾಗಿ ಬಳಿಯಿರಿ, ತುದಿಯಿಂದ ನೀರು ಬೇಗ ಹೊರಟು ಸೀಳು ಬರುವುದನ್ನು ಇದು ತಡೆಯುತ್ತದೆ. ಮಳೆಯ ಎರಚಲೂ ನೇರ ಬಿಸಿಲೂ ತಾಗದ, ಗಾಳಿಯಾಡುವ ಕೊಟ್ಟಿಗೆಯ ಮಾಡಿನಡಿ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕೆಂಪುಕಲ್ಲಿಟ್ಟು, ಅದರ ಮೇಲೆ ಹಲಗೆಗಳನ್ನು ಪೇರಿಸಿ. ಪ್ರತಿ ಎರಡು ಹಲಗೆಗಳ ನಡುವೆ ಒಂದೂವರೆ ಅಡಿಗೊಂದರಂತೆ ಮುಕ್ಕಾಲು ಇಂಚು ದಪ್ಪದ ಅಡಿಕೆ ಸಲಾಕೆಗಳನ್ನು ಅಡ್ಡಲಾಗಿ ಇಡಬೇಕು, ಮೇಲಿನ ಸಲಾಕೆ ಕೆಳಗಿನದರ ನೇರಕ್ಕೇ ಬರಬೇಕು. ಸಲಾಕೆ ಪೂರ್ತಿ ಒಣಗಿದ್ದಿರಲಿ, ಹಸಿಯಾಗಿದ್ದರೆ ಹಲಗೆಯ ಮೇಲೆ ಕಪ್ಪು ಪಟ್ಟೆ ಬೀಳುತ್ತದೆ. ಎಲ್ಲಕ್ಕಿಂತ ಮೇಲೆ ನಾಲ್ಕಾರು ಕೆಂಪುಕಲ್ಲು ಹೇರಿ. ಅಡಿಕೆಯ ಜೊತೆ ಅಂಗಳದಲ್ಲಿ ಒಣಗಿಸುವ ಯೋಚನೆ ಬೇಡ, ಅಂಗಳದ ಬಿಸಿಲಿಗೆ ಹಲಗೆಯ ಹೊರಮೈ ಒಣಗಿ ಒಳಮೈ ಹಸಿಯಾಗಿಯೇ ಉಳಿದು ಸೀಳು ಬಿಡುತ್ತದೆ.

ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ, ನಮ್ಮಲ್ಲಿ ಆ ವರ್ಷದೊಳಗೆ ಒಂದು ಪೂರ್ತಿ ಬೇಸಗೆ ಸೇರಿರಲೇಬೇಕು. ಅಮಾವಾಸ್ಯೆಯ ಹತ್ತಿರ ಕಡಿದ ಮರಕ್ಕೆ ಹುಳ ಬೀಳದೆಂದು ನನಗೆ ಉಳಿ ಹಿಡಿಯಲು ಕಲಿಸಿದ ವೃದ್ಧ ಆಚಾರಿಯವರು ಹೇಳುತ್ತಿದ್ದರು. ಅವರ ಮಾತಿಗೆ ಎದುರಾಡದೆ ನಾನು ತಕ್ಕಡಿಯನ್ನು ನಂಬಿಕೊಂಡೆ. ಪೇರಿಸಿದ ಹಲಗೆಗಳಲ್ಲಿ ಒಂದನ್ನು ಗುರುತು ಮಾಡಿ ಹದಿನೈದು ದಿನಕ್ಕೊಮ್ಮೆ ತೂಗಿ, ತೂಕವನ್ನು ಅದರ ಮೈಮೇಲೆಯೇ ಪೆನ್ಸಿಲಿನಲ್ಲಿ ಬರೆಯುತ್ತ ಹೋಗಿ. ಬೇಸಗೆಯಲ್ಲಿ ಸತತ ಮೂರು ತೂಕಗಳು ಒಂದೇ ಆಗಿ ನಿಂತರೆ ಮರ ನಮ್ಮ ಹವೆಗೆ ಹೊಂದಿಕೊಂಡಿದೆಯೆಂದು ಅರ್ಥ. ಇನ್ನೂ ಖಚಿತವಾಗಿ ತಿಳಿಯಬೇಕಿದ್ದರೆ ಹಲಗೆಯ ನಡುಭಾಗದಿಂದ ಸಣ್ಣ ತುಂಡು ಕೊಯ್ದು ತೂಗಿ, 103 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಪೆಟ್ಟಿಗೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. ಮೊದಲು 115 ಗ್ರಾಂ ಇದ್ದದ್ದು 100 ಗ್ರಾಮಿಗೆ ನಿಂತರೆ ತೇವಾಂಶ ಶೇಕಡಾ 15 ಇತ್ತೆಂದಾಯಿತು. ಇಲ್ಲಿನ ಕೆಲಸಕ್ಕೆ ಶೇಕಡಾ 12ರಿಂದ 14 ಇದ್ದರೆ ಧೈರ್ಯವಾಗಿ ಮುಂದುವರಿಯಬಹುದು.

ಉಪಕರಣಗಳು, ಮೈಮೇಲಿನ ಎಚ್ಚರ

ಒಂದು ಕೈಗರಗಸ, ಒಂದು ಕೀಸುಳಿ, ಕಾಲು, ಅರ್ಧ ಮತ್ತು ಒಂದು ಇಂಚಿನ ಮೂರು ಉಳಿಗಳು, ಕೊಡತಿ, ಮೂಲೆಮಟ್ಟ, ಉಕ್ಕಿನ ಅಡಿಪಟ್ಟಿ, ನಾಲ್ಕು ಕ್ಲಾಂಪುಗಳು, ಒಂದು ಸಾಣೆಕಲ್ಲು: ಆರಂಭಕ್ಕೆ ಇಷ್ಟು ಸಾಕು. ಹಣ ಉಳಿದರೆ ಇನ್ನೊಂದು ಯಂತ್ರ ಕೊಳ್ಳುವ ಬದಲು ಒಳ್ಳೆಯ ಸಾಣೆಕಲ್ಲನ್ನೇ ಕೊಳ್ಳಿ. ಉಳಿಯನ್ನು 25ರಿಂದ 30 ಡಿಗ್ರಿಯ ಓರೆಯಲ್ಲಿ ಹಿಡಿದು, ಹಿಂಬದಿಯಲ್ಲಿ ಉದ್ದಕ್ಕೂ ಸಣ್ಣ ಮುಳ್ಳಿನಂಥ ಅಂಚು ಬೆರಳಿಗೆ ತಾಗುವವರೆಗೆ ಉಜ್ಜಿ, ಬಳಿಕ ಹಿಂಬದಿಯನ್ನು ಕಲ್ಲಿಗೆ ಪೂರ್ತಿ ಚಪ್ಪಟೆಯಾಗಿ ಒತ್ತಿ ಆ ಮುಳ್ಳನ್ನು ತೆಗೆಯಬೇಕು. ಮುಂಗೈಯ ರೋಮ ಬೋಳಿಸುವಷ್ಟು ಹರಿತವಾಗದ ಉಳಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಕೈ ತಪ್ಪಿ ಗಾಯವಾಗುವುದು ಆಗಲೇ.

ಕಲ್ಲು ಕೊಯ್ಯುವ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಸಿಕ್ಕಿಸಿ ಕೆಲಸ ಮಾಡುವ ರೂಢಿ ನಮ್ಮಲ್ಲಿ ಬೆಳೆದಿದೆ. ದಯವಿಟ್ಟು ಮಾಡಬೇಡಿ. ಬ್ಲೇಡು ಮರದಲ್ಲಿ ಸಿಕ್ಕಿಕೊಂಡ ಕ್ಷಣದಲ್ಲಿ ಯಂತ್ರ ನಿಮ್ಮತ್ತಲೇ ಚಿಮ್ಮುತ್ತದೆ, ಅದನ್ನು ತಡೆಯುವ ಯಾವ ವ್ಯವಸ್ಥೆಯೂ ಅದರಲ್ಲಿಲ್ಲ. ತಿರುಗುವ ಯಂತ್ರದ ಹತ್ತಿರ ಹೆಗಲ ಮೇಲಿನ ಬೈರಾಸೂ ಎತ್ತಿ ಕಟ್ಟದ ಮುಂಡೂ ಇರಬಾರದು. ಮರದ ಹುಡಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿ ಸೇರಿಸಲಾಗಿದೆಯಾದ್ದರಿಂದ ಮರಳುಕಾಗದ ಉಜ್ಜುವಾಗಲೆಲ್ಲ ಎನ್95 ಮುಖಗವಸು ಹಾಕಿಕೊಳ್ಳಿ.

ಹೆಚ್ಚುವ ಹಲಗೆ

ಮೊದಲ ಹಲಗೆಯನ್ನು ಒಂದೇ ತುಂಡಿನಿಂದ, ಅಂಟಿಲ್ಲದೆ ಮಾಡಿ. 14 ಇಂಚು ಉದ್ದ, 8 ಇಂಚು ಅಗಲ, ಒಂದು ಇಂಚು ದಪ್ಪ ಸಾಕು. ಇದಕ್ಕಿಂತ ದೊಡ್ಡದನ್ನು ತೊಳೆಯುವ ತೊಟ್ಟಿಯಲ್ಲಿ ತಿರುಗಿಸಲು ಆಗದೆ ಮನೆಯವರು ಮೂಲೆಗೆ ಸೇರಿಸುತ್ತಾರೆ.

ಮೊದಲು ಒಂದು ಮೈಯನ್ನು ಸಮತಟ್ಟು ಮಾಡಬೇಕು. ನೇರವಾದ ಎರಡು ಪಟ್ಟಿಗಳನ್ನು ಹಲಗೆಯ ಎರಡು ತುದಿಗಳಲ್ಲಿ ಅಡ್ಡಲಾಗಿಟ್ಟು, ಕಣ್ಣನ್ನು ಅದೇ ಮಟ್ಟಕ್ಕೆ ಇಳಿಸಿ ನೋಡಿ. ಎರಡರ ಮೇಲಂಚುಗಳು ಒಂದೇ ಗೆರೆಯಾಗಿ ಕಾಣದಿದ್ದರೆ ಹಲಗೆ ತಿರುಚಿದೆ. ಎತ್ತರವಾದ ಎರಡು ಮೂಲೆಗಳಿಗೆ ಪೆನ್ಸಿಲಿನಿಂದ ಗೀಚಿ, ಕೀಸುಳಿಯನ್ನು ಎಳೆಗೆ ಓರೆಯಾಗಿ ಹೊಡೆಯುತ್ತ ಗೀಚಿದ್ದು ಮಾಯವಾಗುವವರೆಗೆ ತೆಗೆಯಿರಿ, ಮತ್ತೆ ನೋಡಿ, ಮತ್ತೆ ಗೀಚಿ. ತಿರುಚು ಹೋದ ಮೇಲೆ ಎಳೆಯ ಗುಂಟ ತೆಳುವಾಗಿ ಕೀಸಿ ಮುಗಿಸಿ. ಕೀಸುಳಿ ಬಾಯಿಂದ ಬರುವ ಸುರುಳಿ ಉದ್ದಕ್ಕೆ, ಮುರಿಯದೆ ಬರುತ್ತಿದ್ದರೆ ದಿಕ್ಕು ಸರಿಯಿದೆ. ಪುಡಿಪುಡಿಯಾಗಿ ಬಂದು ಮೈ ಕಿತ್ತುಕೊಳ್ಳುತ್ತಿದ್ದರೆ ಹಲಗೆಯನ್ನು ತಿರುಗಿಸಿ ಎದುರು ದಿಕ್ಕಿನಿಂದ ಕೀಸಿ. ಹಲಸಿನಲ್ಲಿ ಪಕ್ಕಪಕ್ಕದ ಎಳೆಗಳು ಎದುರುಬದುರಾಗಿ ಸಾಗುವುದುಂಟು, ಅಂಥಲ್ಲಿ ಅಲಗನ್ನು ಕೂದಲೆಳೆಯಷ್ಟು ಮಾತ್ರ ಹೊರಚಾಚಬೇಕು. ಒಂದು ಮೈ ಸರಿಯಾದ ಮೇಲೆ ಅದರಿಂದ ದಪ್ಪವನ್ನು ಅಳೆದು ನಾಲ್ಕೂ ಅಂಚುಗಳಲ್ಲಿ ಗೆರೆ ಎಳೆದು, ಇನ್ನೊಂದು ಮೈಯನ್ನು ಆ ಗೆರೆಯವರೆಗೆ ಇಳಿಸಿ.

ಅಗಲವಾದ ಹಲಗೆ ಸಿಗದಿದ್ದರೆ ಎರಡೂವರೆ ಇಂಚಿನ ಮೂರು ನಾಲ್ಕು ಪಟ್ಟಿಗಳನ್ನು ಅಂಟಿಸಬಹುದು. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಒಟ್ಟಿಗೆ ಹಿಡಿದು ಅಂಚು ಕೀಸಿ, ಒಂದರ ಮೇಲೊಂದು ನಿಲ್ಲಿಸಿ ದೀಪದ ಎದುರು ಹಿಡಿಯಿರಿ. ನಡುವೆ ಬೆಳಕು ಕಂಡರೆ ಕ್ಲಾಂಪಿನ ಬಲದಿಂದ ಅದನ್ನು ಮುಚ್ಚುವ ಆಸೆ ಬೇಡ, ಮತ್ತೊಮ್ಮೆ ಕೀಸಿ. ಅಂಟು ನೀರಿಗೆ ನಿಲ್ಲುವ ಡಿ3 ದರ್ಜೆಯ ಪಿವಿಎ ಆಗಿರಲಿ, ಸಾಮಾನ್ಯ ಬಿಳಿ ಅಂಟು ಅಡುಗೆಮನೆಯ ನೀರಿಗೆ ಬಾಳುವುದಿಲ್ಲ. ಎರಡೂ ಅಂಚುಗಳಿಗೆ ತೆಳುವಾಗಿ ಬಳಿದು, ಆರೇಳು ಇಂಚಿಗೊಂದು ಕ್ಲಾಂಪನ್ನು ಒಂದು ಕೆಳಗೆ ಒಂದು ಮೇಲೆ ಬರುವಂತೆ ಬಿಗಿಯಿರಿ. ಗೆರೆಯ ಉದ್ದಕ್ಕೂ ಸಾಬಕ್ಕಿ ಮಣಿಗಳಂತೆ ಅಂಟು ಹೊರಬಂದರೆ ಬಿಗಿ ಸರಿಯಾಗಿದೆ. ಕ್ಲಾಂಪು ಕಡಿಮೆಯಿದ್ದವರು ಆಚಾರಿಗಳ ಹಳೆಯ ಉಪಾಯವನ್ನು ಹಿಡಿಯಬಹುದು: ದಪ್ಪ ಮರದ ಮೇಲೆ ಎರಡು ತಡೆಪಟ್ಟಿಗಳನ್ನು ಬಡಿದು, ಪಟ್ಟಿಗಳನ್ನು ಅವುಗಳ ನಡುವೆ ಇಟ್ಟು, ಎದುರುಬದುರು ಎರಡು ಬೆಣೆಗಳನ್ನು ಹೊಡೆದು ಬಿಗಿಯುವುದು. 24 ಗಂಟೆ ಮುಟ್ಟಬೇಡಿ, ಮಳೆಗಾಲದಲ್ಲಿ ಎರಡು ದಿನ ಬಿಡಿ. ಚದುರಂಗದ ಹಾಸಿನಂತೆ ಎಳೆಯ ತುದಿಗಳು ಮೇಲ್ಮುಖವಾಗಿರುವ ಹಲಗೆಗಳು ನೋಡಲು ಚೆಂದ, ಚೂರಿಗೂ ಹಿತ. ಆದರೆ ಅವುಗಳಲ್ಲಿ ಅಂಟಿನ ಗೆರೆಗಳು ಹತ್ತು ಪಾಲು ಹೆಚ್ಚು, ತಪ್ಪಿಗೆ ಅವಕಾಶವೂ ಅಷ್ಟೇ ಹೆಚ್ಚು. ಹತ್ತು ಸಾದಾ ಹಲಗೆ ಮಾಡಿದ ಮೇಲೆ ಅದರ ಯೋಚನೆ ಮಾಡಿ.

ಅಂಚುಗಳನ್ನು ಕೈಗೆ ಚುಚ್ಚದಂತೆ ಸ್ವಲ್ಪ ಉರುಟು ಮಾಡಿ, ನೇತುಹಾಕಲು ಒಂದು ಇಂಚಿನ ತೂತು ಕೊರೆಯಿರಿ. ರಸ ಇಳಿಯಲು ಸುತ್ತ ಕಾಲುವೆ ತೆಗೆಯುವುದು ಈಗಿನ ರೂಢಿಯಾದರೂ ನನಗೆ ಅದು ಕೊಳೆ ಕೂರುವ ಜಾಗವಾಗಿಯೇ ಕಂಡಿದೆ. ಮರಳುಕಾಗದವನ್ನು 80, 120, 180, 240 ಈ ಕ್ರಮದಲ್ಲಿ, ಒಂದನ್ನೂ ಬಿಡದೆ, ಎಳೆಯ ಗುಂಟವೇ ಉಜ್ಜಿ. 240 ಆದ ಮೇಲೆ ಒದ್ದೆ ಬಟ್ಟೆಯಿಂದ ಹಲಗೆಯನ್ನು ಒರೆಸಿ ಒಣಗಲು ಬಿಟ್ಟರೆ ಮೈ ಮತ್ತೆ ತರಿತರಿಯಾಗಿ ಏಳುತ್ತದೆ. ಅದನ್ನು 320ರಿಂದ ಹಗುರಾಗಿ ಉಜ್ಜಿ ತೆಗೆಯಿರಿ. ಹೀಗೆ ಎರಡು ಸಲ ಮಾಡಿದರೆ ಮುಂದೆ ತೊಳೆದಾಗ ಹಲಗೆ ಒರಟಾಗುವುದಿಲ್ಲ.

ಎಣ್ಣೆ ಕುಡಿಸುವುದು

ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ತೆಂಗಿನೆಣ್ಣೆ ಹಚ್ಚಿ ಎನ್ನುತ್ತಾರೆ. ನಾನೂ ಹಚ್ಚಿದ್ದೆ. ತೆಂಗಿನೆಣ್ಣೆ ಮರದೊಳಗೆ ಗಟ್ಟಿಯಾಗಿ ಪದರ ಕಟ್ಟುವ ಜಾತಿಯದ್ದಲ್ಲ, ಕೆಲವು ತಿಂಗಳಲ್ಲಿ ಕನರು ವಾಸನೆ ಬರತೊಡಗಿ ಹೆಚ್ಚಿದ ಸೌತೆಕಾಯಿಗೂ ಅದೇ ವಾಸನೆ ಹಿಡಿಯಿತು. ಹಳೆಯ ಮನೆಗಳ ಪಕ್ಕಾಸು ರೀಪುಗಳಿಗೆ ಒರಲೆ ಬಾರದಂತೆ ಬಳಿಯುತ್ತಿದ್ದ ಗೇರೆಣ್ಣೆಯಂತೂ ಮೈ ಸುಡುವ ವಸ್ತು, ಮಾಡಿಗೆ ಆದದ್ದು ಮಣೆಗೆ ಆಗದು. ಪೇಟೆಯ 'ಬಾಯಿಲ್ಡ್' ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುತ್ತಾರೆ, ಅದನ್ನೂ ಹಲಗೆಗೆ ಬಳಸಬೇಡಿ.

ಹಲಗೆಗೆ ಸರಿಯಾದದ್ದು ಔಷಧದಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಐಪಿ. ಮಲಬದ್ಧತೆಗೆ ಕೊಡುವ, ಬಣ್ಣ ವಾಸನೆಗಳಿಲ್ಲದ, ಎಷ್ಟು ದಿನವಾದರೂ ಕೆಡದ ಎಣ್ಣೆಯಿದು. ಒಂದು ಬಾಟಲಿ ಸಾಲದೆಂದು ಎರಡು ಕೇಳಿದಾಗ ಅಂಗಡಿಯವರು ನನ್ನನ್ನು ಮರುಕದಿಂದ ನೋಡಿದ್ದು ನೆನಪಿದೆ. ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಎಲ್ಲ ಮೈಗೂ, ವಿಶೇಷವಾಗಿ ಎಳೆಯ ತುದಿಗಳಿಗೆ ಧಾರಾಳವಾಗಿ ಸುರಿದು ರಾತ್ರಿಯಿಡೀ ಬಿಡಿ, ಬೆಳಗ್ಗೆ ಉಳಿದದ್ದನ್ನು ಒರೆಸಿ. ಮೊದಲ ವಾರದಲ್ಲಿ ಐದು ಸಲ, ಮುಂದೆ ತಿಂಗಳಿಗೊಮ್ಮೆ. ಕೊನೆಯಲ್ಲಿ ಒಂದು ಪಾಲು ಜೇನುಮೇಣವನ್ನು ನಾಲ್ಕು ಪಾಲು ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ, ಕುದಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ತಣಿದ ಮೇಲೆ ಬಟ್ಟೆಯಿಂದ ತಿಕ್ಕಿ. ನೇರ ಬೆಂಕಿಯ ಮೇಲೆ ಮೇಣ ಕರಗಿಸುವುದು ಅಪಾಯ.

ಮರದ ಹಲಗೆಯಲ್ಲಿ ರೋಗಾಣು ಕೂರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿಯೂ ಬಳಿಕ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿಯೂ ಇದ್ದ ಆಹಾರ ಸುರಕ್ಷತೆಯ ಸಂಶೋಧಕ ಡೀನ್ ಕ್ಲೈವರ್ ಅವರು 1990ರ ದಶಕದಲ್ಲಿ ಮಾಡಿದ ಪ್ರಯೋಗಗಳಲ್ಲಿ ಮರದ ಮೇಲೆ ಬಿದ್ದ ಬ್ಯಾಕ್ಟೀರಿಯಾಗಳು ಒಳಗೆ ಎಳೆಯಲ್ಪಟ್ಟು, ಅಲ್ಲಿ ಹೆಚ್ಚಾಗದೆ ಸಾಯುವುದು ಕಂಡುಬಂತು. ಚೂರಿಯ ಗೀರುಗಳು ತುಂಬಿದ ಹಳೆಯ ಪ್ಲಾಸ್ಟಿಕ್ ಹಲಗೆಯನ್ನು ಕೈಯಿಂದ ತೊಳೆದು ಶುಚಿ ಮಾಡುವುದು ಕಷ್ಟವಾಯಿತು. ಹಾಗೆಂದು ಮೀನು ಮಾಂಸಕ್ಕೂ ತರಕಾರಿಗೂ ಒಂದೇ ಹಲಗೆ ಸಲ್ಲದು. ಬಳಸಿದ ಕೂಡಲೇ ಎರಡೂ ಬದಿಯನ್ನು ತೊಳೆದು, ಒರೆಸಿ, ಗಾಳಿಯಾಡುವಂತೆ ನಿಲ್ಲಿಸಿ. ಒಂದೇ ಬದಿ ಒದ್ದೆಯಾದರೆ ಹಲಗೆ ಬಾಗುತ್ತದೆ. ಮಳೆಗಾಲದಲ್ಲಿ ಬೂಸು ಕಂಡರೆ ವಿನೆಗರ್ ಹಾಕಿ ಒರೆಸಿ, ಒಲೆಯ ಹತ್ತಿರ ಬೆಚ್ಚಗೆ ಒಣಗಿಸಿ, ಮತ್ತೆ ಎಣ್ಣೆ ಹಚ್ಚಿ.

ಮಣೆ

ಹೆಚ್ಚುವ ಹಲಗೆಯಿಂದ ಪೀಠೋಪಕರಣಕ್ಕೆ ದಾಟುವ ಮೆಟ್ಟಿಲು ಊಟದ ಮಣೆ. ನೋಡಲು ಒಂದು ಹಲಗೆ, ಕೆಳಗೆ ಎರಡು ಅಡ್ಡಪಟ್ಟಿ, ಅಷ್ಟೇ. ಆದರೆ ಮರಗೆಲಸದ ಮುಖ್ಯವಾದ ತೊಡಕು ಇದರಲ್ಲಿಯೇ ಅಡಗಿದೆ. ಮೇಲಿನ ಹಲಗೆಯ ಎಳೆ ಒಂದು ದಿಕ್ಕಿಗೆ, ಅಡ್ಡಪಟ್ಟಿಯ ಎಳೆ ಅದಕ್ಕೆ ಅಡ್ಡ ದಿಕ್ಕಿಗೆ. ಹಲಗೆ ಅಗಲಕ್ಕೆ ಹಿಗ್ಗಬೇಕು, ಪಟ್ಟಿ ಉದ್ದಕ್ಕೆ ಹಿಗ್ಗುವುದಿಲ್ಲ. ಲೆಕ್ಕ ಹಾಕಿ ನೋಡಿ: 300 ಮಿ.ಮೀ. ಅಗಲದ ತೇಗದ ಹಲಗೆಯ ತೇವಾಂಶ ಬೇಸಗೆಯ 12ರಿಂದ ಮಳೆಗಾಲದ 18ಕ್ಕೆ ಏರಿದರೆ, ಶೇಕಡಾ ಒಂದು ತೇವಕ್ಕೆ ಶೇಕಡಾ 0.19ರಂತೆ ಅಗಲದಲ್ಲಿ ಸುಮಾರು 3.4 ಮಿ.ಮೀ. ವ್ಯತ್ಯಾಸವಾಗುತ್ತದೆ. ಆರು ಮೊಳೆ ಹೊಡೆದು ಅಡ್ಡಪಟ್ಟಿಯನ್ನು ಬಿಗಿದಿದ್ದರೆ ಈ 3.4 ಮಿ.ಮೀ.ಗೆ ಎಲ್ಲಿಯೂ ಎಡೆಯಿಲ್ಲ, ಮುಂದಿನ ಬೇಸಗೆಯಲ್ಲಿ ಮಣೆ ನಡುವಿನಿಂದ ಸೀಳುತ್ತದೆ.

ಪರಿಹಾರ ಎರಡಿವೆ. ಸುಲಭದ್ದು: ಅಡ್ಡಪಟ್ಟಿಯ ನಡುವಿನಲ್ಲಿ ಮಾತ್ರ ಉರುಟು ತೂತು, ಎರಡು ತುದಿಗಳಲ್ಲಿ ಪಟ್ಟಿಯ ಉದ್ದಕ್ಕೆ ಹತ್ತು ಮಿ.ಮೀ. ನೀಳವಾದ ತೂತು ಕೊರೆದು, ಅಗಲ ತಲೆಯ ಸ್ಕ್ರೂಗಳನ್ನು ಅತಿಯಾಗಿ ಬಿಗಿಯದೆ ಹಾಕುವುದು. ನಡುವಿನ ಸ್ಕ್ರೂ ಹಲಗೆಯನ್ನು ಹಿಡಿದಿಡುತ್ತದೆ, ತುದಿಯವು ಹಲಗೆಯ ಜೊತೆ ಜರಗುತ್ತವೆ. ಕಷ್ಟದ್ದು, ಆದರೆ ನೂರು ವರ್ಷ ಬಾಳುವಂಥದ್ದು: ಮಣೆಯ ಅಡಿಯಲ್ಲಿ ಎಳೆಗೆ ಅಡ್ಡವಾಗಿ, ಬಾಯಿ ಕಿರಿದೂ ತಳ ಅಗಲವೂ ಆದ ಕಾಲುವೆ ತೆಗೆದು, ಅದೇ ಆಕಾರಕ್ಕೆ ಕೀಸಿದ ಪಟ್ಟಿಯನ್ನು ಪಕ್ಕದಿಂದ ಜಾರಿಸಿ ಸೇರಿಸುವುದು. ಕಾಲುವೆ ಒಂದು ತುದಿಯಲ್ಲಿ ಇನ್ನೊಂದಕ್ಕಿಂತ ಎರಡು ಮಿ.ಮೀ. ಕಿರಿದಾಗಿರಲಿ, ಆಗ ಕೊನೆಯ ಒಂದು ಇಂಚಿನಲ್ಲಿ ಮಾತ್ರ ಬಿಗಿಯಾಗಿ ಕೂರುತ್ತದೆ. ಕಾಲುವೆಯ ಆಳ ಹಲಗೆಯ ದಪ್ಪದ ಮೂರನೆಯ ಒಂದು ಪಾಲನ್ನು ಮೀರಬಾರದು. ಅಂಟು ಹಾಕುವುದಿದ್ದರೆ ನಡುವಿನಲ್ಲಿ ಎರಡು ಹನಿ, ಬೇರೆಲ್ಲಿಯೂ ಬೇಡ. ಮದುವೆ ಮುಂಜಿಗಳಿಗೆ ಅಟ್ಟದಿಂದ ಇಳಿಸುವ ಹಳೆಯ ಮಣೆಗಳನ್ನು ಒಮ್ಮೆ ಬೋರಲು ಹಾಕಿ ನೋಡಿ, ಈ ಕಾಲುವೆ ಕಣ್ಣಿಗೆ ಬೀಳಬಹುದು.

ಸ್ಟೂಲು

ಎತ್ತರ 18 ಇಂಚು, ಕೂರುವ ಹಲಗೆ 12ಕ್ಕೆ 12 ಇಂಚು. ಕಾಲುಗಳು 40 ಮಿ.ಮೀ. ಚೌಕದವು, ಕಾಲುಗಳನ್ನು ಜೋಡಿಸುವ ಮೇಲಿನ ಅಡ್ಡಪಟ್ಟಿಗಳು 20 ಮಿ.ಮೀ. ದಪ್ಪ, 70 ಮಿ.ಮೀ. ಅಗಲದವು. ಪಟ್ಟಿಯ ತುದಿಯಲ್ಲಿ ಕಾಲು ಇಂಚು ದಪ್ಪ, 25 ಮಿ.ಮೀ. ಉದ್ದದ ನಾಲಗೆಯನ್ನೂ ಕಾಲಿನಲ್ಲಿ ಅದಕ್ಕೊಪ್ಪುವ ಕುಳಿಯನ್ನೂ ಮಾಡಬೇಕು. ಅಕ್ಕಪಕ್ಕದ ಎರಡು ನಾಲಗೆಗಳು ಕಾಲಿನೊಳಗೆ ಒಂದಕ್ಕೊಂದು ಎದುರಾಗುವುದರಿಂದ ಅವುಗಳ ತುದಿಗಳನ್ನು ಓರೆಯಾಗಿ ಕೊಯ್ಯಬೇಕಾಗುತ್ತದೆ.

ಯಾವಾಗಲೂ ಕುಳಿಯನ್ನು ಮೊದಲು ಮಾಡಿ. ಉಳಿಯ ಅಗಲವೇ ಕುಳಿಯ ಅಗಲವಾಗುವುದರಿಂದ ಅದನ್ನು ಆಮೇಲೆ ಬದಲಿಸಲು ಆಗುವುದಿಲ್ಲ, ನಾಲಗೆಯನ್ನಾದರೆ ಒಂದೊಂದೇ ಎಳೆ ಕೀಸಿ ಹೊಂದಿಸಬಹುದು. ಕುಳಿಗೆ ಗೆರೆ ಎಳೆಯುವಾಗ ಪೆನ್ಸಿಲಿನ ಬದಲು ಚೂರಿಯ ಮೊನೆಯನ್ನು ಬಳಸಿ, ಉಳಿಯ ಅಂಚು ತಾನಾಗಿ ಆ ಗೀರಿನಲ್ಲಿ ಕೂರುತ್ತದೆ. ಕಾಲಿನ ತುದಿಯಲ್ಲಿಯೇ ಕುಳಿ ತೆಗೆದರೆ ಸೀಳುತ್ತದೆ, ಆದ್ದರಿಂದ ಕಾಲನ್ನು ಒಂದು ಇಂಚು ಉದ್ದ ಬಿಟ್ಟುಕೊಂಡಿದ್ದು ಅಂಟು ಒಣಗಿದ ಮೇಲೆ ಕೊಯ್ಯಿರಿ. ನಾಲಗೆ ಅಂಗೈಯ ಒತ್ತಿಗೆ ಒಳಹೋಗಬೇಕು. ಕೊಡತಿಯ ಪೆಟ್ಟು ಬೇಕಾದರೆ ಬಿಗಿ ಹೆಚ್ಚಾಯಿತು, ತಲೆಕೆಳಗು ಹಿಡಿದಾಗ ಕಳಚಿ ಬಿದ್ದರೆ ಸಡಿಲವಾಯಿತು.

ಅಂಟು ಹಾಕುವ ಮೊದಲು ಒಣ ಜೋಡಣೆ ಮಾಡಿ ಮೂಲೆಯಿಂದ ಮೂಲೆಗೆ ಅಳೆಯಿರಿ, ಎರಡೂ ಅಳತೆ ಸಮವಾಗಿದ್ದರೆ ಚೌಕ ಸರಿಯಿದೆ. ಎರಡು ಎದುರು ಬದಿಗಳನ್ನು ಒಂದು ದಿನ, ಅವೆರಡನ್ನು ಸೇರಿಸುವ ಪಟ್ಟಿಗಳನ್ನು ಮರುದಿನ ಅಂಟಿಸಿದರೆ ಒಬ್ಬರೇ ನಿಭಾಯಿಸಬಹುದು. ಕೂರುವ ಹಲಗೆಯನ್ನು ಚೌಕಟ್ಟಿಗೆ ಅಂಟಿಸಬಾರದು, ಮಣೆಗೆ ಹೇಳಿದ ಕಾರಣವೇ ಇಲ್ಲಿಯೂ. ಅಡ್ಡಪಟ್ಟಿಯ ಒಳಮೈಯಲ್ಲಿ ಸಣ್ಣ ಕಾಲುವೆ ತೆಗೆದು, ಒಂದು ತುದಿ ಆ ಕಾಲುವೆಯಲ್ಲಿ ಕೂರುವ, ಇನ್ನೊಂದು ತುದಿ ಸ್ಕ್ರೂವಿನಿಂದ ಹಲಗೆಯ ಅಡಿಗೆ ಬಿಗಿಯುವ ನಾಲ್ಕು ಮರದ ತುಂಡುಗಳನ್ನು ಮಾಡಿಕೊಳ್ಳಿ. ಹಲಗೆ ಹಿಗ್ಗಿದಾಗ ತುಂಡು ಕಾಲುವೆಯಲ್ಲಿ ಜರಗಿ ಜಾಗ ಕೊಡುತ್ತದೆ.

ಮುಗಿದ ಸ್ಟೂಲು ಕುಣಿಯುವುದು ಸಾಮಾನ್ಯ. ಎತ್ತರವಾದ ಕಾಲನ್ನು ಹುಡುಕಿ ಕೊಯ್ಯಲು ಹೊರಟವರು ಒಂದೊಂದಾಗಿ ನಾಲ್ಕನ್ನೂ ಕೊಯ್ದು ಸ್ಟೂಲನ್ನು ಮಣೆ ಮಾಡಿಕೊಳ್ಳುತ್ತಾರೆ. ಮಟ್ಟವಾದ ಟೈಲ್ಸಿನ ನೆಲದ ಮೇಲೆ ಸ್ಟೂಲನ್ನಿಟ್ಟು, ಕಾಲುಗಳಡಿ ಕಾಗದದ ಮಡಿಕೆಗಳನ್ನು ಸಿಕ್ಕಿಸಿ, ಕೂರುವ ಹಲಗೆ ಸಮವಾಗುವಂತೆ ನಿಲ್ಲಿಸಿ. ಒಂದು ಸಣ್ಣ ಮರದ ತುಂಡಿನ ಮೇಲೆ ಪೆನ್ಸಿಲನ್ನು ಮಲಗಿಸಿ ಹಿಡಿದು ನಾಲ್ಕೂ ಕಾಲುಗಳ ಸುತ್ತ ಗೆರೆ ಎಳೆಯಿರಿ, ಆ ಗೆರೆಗೇ ನಾಲ್ಕನ್ನೂ ಕೊಯ್ಯಿರಿ. ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ.

ಸ್ಟೂಲಿಗೆ ಅರಗಿನ ಪಾಲಿಶ್ ಚೆನ್ನಾಗಿ ಒಪ್ಪುತ್ತದೆ. ಮಳೆಗಾಲದಲ್ಲಿ ಬಳಿದರೆ ಗಾಳಿಯ ತೇವ ಸೇರಿ ಬಿಳಿ ಮಸುಕು ಕಟ್ಟುವುದರಿಂದ, ಡಿಸೆಂಬರಿನ ನಂತರದ ಒಣ ಬೆಳಗುಗಳಿಗೆ ಕಾಯ್ದಿರಿಸಿ. ಹಸಿ ಅಗಸೆ ಎಣ್ಣೆ ಹಚ್ಚುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಶಾಖ ಹುಟ್ಟಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಕೊನೆಯ ಕೆಲಸವೊಂದಿದೆ. ಮಾಡಿದ ವಸ್ತುವಿನ ಅಡಿಯಲ್ಲಿ ಮರ ಯಾವುದು, ಎಲ್ಲಿಂದ ಬಂತು, ಯಾವ ತಿಂಗಳಲ್ಲಿ ಎಷ್ಟು ಅಗಲವಿತ್ತು ಎಂದು ಪೆನ್ಸಿಲಿನಲ್ಲಿ ಬರೆದಿಡಿ, ಆರು ತಿಂಗಳು ಕಳೆದು ಮತ್ತೆ ಅಳೆದು ಅದರ ಕೆಳಗೇ ಬರೆಯಿರಿ. ನಾನು ಈಗ ಕುಳಿತಿರುವ ಮಣೆಯ ಅಡಿಯಲ್ಲಿ 'ಹಲಸು, ಮನೆಯ ಹಿತ್ತಿಲು, ಮಾರ್ಚ್ 302, ಆಗಸ್ಟ್ 305' ಎಂದಿದೆ.